ಲಕ್ಷ ಕೊಟ್ಟು ಡ್ಯಾಕ್ ತಗೊಳ್ಳುವ ಮುಂಚೆ: ಆರ್‌ಎಂಇ ಎಡಿಐ-2 ಯಾಕೆ ನನ್ನ ಮನೆಗೆ ಬಂತು

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ ಅನುಕೂಲ ಆಗಲಿ. ಮನೆಯ ಹಾಲ್‌ನಲ್ಲಿ ಎರಡು ಸ್ಪೀಕರ್ ಇಟ್ಟುಕೊಂಡು, ರಾತ್ರಿ ಊಟ ಆದ ಮೇಲೆ ಅಕ್ಕಪಕ್ಕದವರಿಗೆ ತೊಂದರೆ ಆಗದ ಹಾಗೆ ಸಣ್ಣ ದನಿಯಲ್ಲಿ ಸಂಗೀತ ಕೇಳುವವರು ನೀವಾದರೆ, ಡ್ಯಾಕ್‌ಗೆ ಅಂತ ಒಂದು ಲಕ್ಷ, ಒಂದು ಲಕ್ಷದ ಮೇಲೆ ಚೂರುಪಾರು ತೆಗೆದಿಡಲು ಆಗುತ್ತದೆ ಅಂದರೆ, ಆರ್‌ಎಂಇ ಕಂಪನಿಯ ಎಡಿಐ-2 ಡ್ಯಾಕ್ ಎಫ್‌ಎಸ್ ತಗೊಳ್ಳಿ. ಇದರ ಮೂರು ಪಟ್ಟು, ಐದು ಪಟ್ಟು ಬೆಲೆಯ ಪೆಟ್ಟಿಗೆಗಳನ್ನು ಕೇಳಿದ ಮೇಲೂ ನನ್ನ ಮನೆಗೆ ಬಂದದ್ದು ಇದೇ. ಕಾರಣ ಅದರೊಳಗಿನ ಚಿಪ್ ಅಲ್ಲ. ಅದು ನನ್ನ ಕೋಣೆಯಲ್ಲಿ ಮಾಡುವ ಕೆಲಸ.

ಡ್ಯಾಕ್ ಅಂದರೆ ಏನು ಅನ್ನುವುದು ಗೊತ್ತಿರುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಫೋನ್, ಲ್ಯಾಪ್‌ಟಾಪ್, ಸಿಡಿ ಎಲ್ಲದರಲ್ಲೂ ಹಾಡು ಇರುವುದು ಅಂಕಿಗಳಾಗಿ. ಸಿಡಿಯಲ್ಲಾದರೆ ಎಡ, ಬಲ ಒಂದೊಂದು ಚಾನೆಲ್‌ಗೂ ಸೆಕೆಂಡಿಗೆ 44,100 ಅಂಕಿ, ಒಂದೊಂದೂ 16 ಬಿಟ್. ಸೋನಿ, ಫಿಲಿಪ್ಸ್ ಸೇರಿ 1980ರಲ್ಲಿ ಇದನ್ನು ಗೊತ್ತು ಮಾಡಿದರು, 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂತು. ಆ ಅಂಕಿಗಳನ್ನು ಮತ್ತೆ ಏರಿಳಿಯುವ ವೋಲ್ಟೇಜ್ ಮಾಡಿ ಆಂಪ್ಲಿಫೈಯರ್‌ಗೆ ಕೊಡುವುದು ಡ್ಯಾಕ್ ಕೆಲಸ. ಅಷ್ಟೇ. ನಿಮ್ಮ ಫೋನಿಗೆ ಸಿಗಿಸುವ ಸಣ್ಣ ಹೆಡ್‌ಫೋನ್ ಡಾಂಗಲ್ ಒಳಗೂ ಒಂದು ಡ್ಯಾಕ್ ಇದೆ.

ಆ ಡಾಂಗಲ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ಅಮೆರಿಕದಲ್ಲಿ 9 ಡಾಲರ್‌ಗೆ ಸಿಗುವ ಆಪಲ್ ಟೈಪ್-ಸಿ ಡಾಂಗಲ್ ಅನ್ನು ಅಳತೆ ಮಾಡಿದವರು, ಅದರ ಗದ್ದಲ ಮತ್ತು ವಿರೂಪ ಎರಡೂ ಸೇರಿ ಹಾಡಿಗಿಂತ ಸುಮಾರು 99 ಡೆಸಿಬಲ್ ಕೆಳಗಿದೆ ಅಂತ ತೋರಿಸಿದ್ದಾರೆ. ಸಿಡಿಯ 16 ಬಿಟ್‌ಗೆ ಲೆಕ್ಕದ ಪ್ರಕಾರ ಸಿಗುವುದೇ 98 ಡೆಸಿಬಲ್. ಈಗ ನಿಮ್ಮ ಕೋಣೆಯನ್ನು ನೋಡಿ. ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಫ್ಯಾನ್ ಆಫ್ ಮಾಡಿ ಕೂತರೂ 30 ಡೆಸಿಬಲ್ ಆಸುಪಾಸು ಸದ್ದು ಇದ್ದೇ ಇರುತ್ತದೆ. ಹಾಡನ್ನು 90 ಡೆಸಿಬಲ್‌ಗೆ ಏರಿಸಿದರೆ ಕಿವಿಗೆ ಉಳಿಯುವ ಜಾಗ 60 ಡೆಸಿಬಲ್. ಹಾಗಾದರೆ 110, 120 ಡೆಸಿಬಲ್ ಅಂತ ಪೆಟ್ಟಿಗೆ ಮೇಲೆ ಬರೆದುಕೊಂಡು ಬರುವ ದೊಡ್ಡ ಡ್ಯಾಕ್‌ಗಳು ಯಾಕೆ ಬೇಕು? ಬೇಕು, ಆದರೆ ಬೇರೆ ಕಾರಣಕ್ಕೆ. ಹೆಚ್ಚುವರಿ ಜಾಗ ಇದ್ದರೆ ಡ್ಯಾಕ್ ಒಳಗೇ ವಾಲ್ಯೂಮ್ ಇಳಿಸಬಹುದು, ಈಕ್ವಲೈಸರ್ ಹಾಕಬಹುದು, ಆಗಲೂ ಗದ್ದಲ ಮೇಲೆ ಬರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ಚಿಪ್ ಹೆಸರು. ಇದರಲ್ಲಿ ಇಎಸ್‌ಎಸ್ ಸೇಬರ್ ಇದೆ ಸಾರ್, ಅದರಲ್ಲಿ ಎಕೆಎಂ ಇದೆ ಸಾರ್, ಎಕೆಎಂ ಅಂದರೆ ಮೃದು, ಸೇಬರ್ ಅಂದರೆ ಚೂಪು. ಈ ಮಾತನ್ನು ಎಷ್ಟು ಜನ ಎಷ್ಟು ಖಚಿತವಾಗಿ ಹೇಳುತ್ತಾರೆ ಅಂದರೆ, ಕೇಳುವವರಿಗೆ ಅದೇ ನಿಜ ಅನಿಸಿಬಿಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾ ಊರಿನಲ್ಲಿದ್ದ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ದಿನಗಟ್ಟಲೆ ಬೇಕಾಯಿತು, ಚಿಪ್ ಸಿಗುವುದು ನಿಂತಿತು, ಜಗತ್ತಿನ ಎಷ್ಟೋ ಡ್ಯಾಕ್ ಮಾಡುವವರು ತಲೆ ಮೇಲೆ ಕೈ ಹೊತ್ತು ಕೂತರು. ಜರ್ಮನಿಯ ಆರ್‌ಎಂಇ ಆಗ ಮಾಡಿದ್ದು ನೋಡಿ. ಎಡಿಐ-2 ಡ್ಯಾಕ್ 2018ರಲ್ಲಿ ಬಂದಾಗ ಒಳಗಿದ್ದದ್ದು ಎಕೆಎಂನ ಎಕೆ4490 ಚಿಪ್. ಆಮೇಲೆ ಎಕೆ4493 ಬಂತು. ಬೆಂಕಿ ಆದ ಮೇಲೆ ಇಎಸ್‌ಎಸ್ ಕಂಪನಿಯ ಇಎಸ್9028ಕ್ಯು2ಎಂ ಹಾಕಿದರು. ಮೃದು ಅನ್ನುವ ಚಿಪ್ ತೆಗೆದು ಚೂಪು ಅನ್ನುವ ಚಿಪ್ ಹಾಕಿದರು, ಮಾದರಿಯ ಹೆಸರು ಮಾತ್ರ ಬದಲಾಗಲಿಲ್ಲ. ಹಳೆಯದು, ಹೊಸದು ಎರಡೂ ಅಳತೆಯಲ್ಲಿ ಕಿವಿಗೆ ನಿಲುಕುವ ಮಟ್ಟಕ್ಕಿಂತ ಎಷ್ಟೋ ಕೆಳಗೆ ನಿಲ್ಲುತ್ತವೆ. ಚಿಪ್ ಸುತ್ತ ಹಾಕಿದ ಸರ್ಕ್ಯೂಟ್, ಪವರ್ ಸಪ್ಲೈ, ಔಟ್‌ಪುಟ್ ಹಂತ ಇವು ಸರಿ ಇದ್ದರೆ ಚಿಪ್ ಮೇಲಿನ ಹೆಸರಿಗೆ ದುಡ್ಡು ಕೊಡಬೇಕಾಗಿಲ್ಲ.

ಚಿಪ್ಪೇ ಬೇಡ ಅನ್ನುವವರು ಇನ್ನೊಂದು ಗುಂಪು. ಅವರ ಮಾತಿನಲ್ಲಿ ತೂಕ ಇದೆ, ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಚೀನಾದ ಡೆನಾಫ್ರಿಪ್ಸ್, ಹೋಲೋ ಆಡಿಯೋ ಮುಂತಾದವರು ಸಾಲು ಸಾಲಾಗಿ ರೆಸಿಸ್ಟರ್ ಜೋಡಿಸಿ ಏಣಿ ಮಾಡುತ್ತಾರೆ. ಆರ್-2ಆರ್ ಅನ್ನುವುದು ಅದಕ್ಕೇ. ಕೇಳಲು ಸರಳ, ಮಾಡಲು ಬಹಳ ಕಷ್ಟ. 16 ಬಿಟ್ ಅಂದರೆ 65,536 ಮೆಟ್ಟಿಲು. ಮೇಲಿನ ಮೆಟ್ಟಿಲಿನ ರೆಸಿಸ್ಟರ್ ಶೇಕಡಾ 0.0015ರಷ್ಟು ಆಚೀಚೆ ಆದರೂ ಕೊನೆಯ ಬಿಟ್ ಲೆಕ್ಕ ತಪ್ಪುತ್ತದೆ. ಇಷ್ಟು ನಿಖರವಾದ ರೆಸಿಸ್ಟರ್ ಅಂಗಡಿಯಲ್ಲಿ ಸಿಗುವುದಿಲ್ಲ. ಹೋಲೋದವರು ತಪ್ಪನ್ನು ಸರಿದೂಗಿಸಲು ಬೇರೆ ಸರ್ಕ್ಯೂಟ್ ಸೇರಿಸಿ ಸಾಧಿಸಿದ್ದಾರೆ, ಅವರ ಮೇ ಡ್ಯಾಕ್ ಅಳತೆಯಲ್ಲೂ ಚೊಕ್ಕ. ಕೆಲಸದ ಅಚ್ಚುಕಟ್ಟು ನೋಡಿದರೆ ಕೈ ಮುಗಿಯಬೇಕು.

ಹೋಲೋ ಮೇಯನ್ನು ಒಬ್ಬ ಸ್ನೇಹಿತರ ಮನೆಯಲ್ಲಿ ಕೂತು ಕೇಳಿದೆ. ಓವರ್‌ಸ್ಯಾಂಪ್ಲಿಂಗ್ (ಅಂಕಿಗಳ ನಡುವೆ ಲೆಕ್ಕ ಹಾಕಿ ಇನ್ನಷ್ಟು ಅಂಕಿ ತುಂಬುವುದು) ಇಲ್ಲದ ಮೋಡ್‌ಗೆ ಹಾಕಿದಾಗ ವ್ಯತ್ಯಾಸ ಇತ್ತು, ಹೌದು. ವೀಣೆಯ ಮೀಟು ಸ್ವಲ್ಪ ದುಂಡಗೆ ಆಯಿತು, ಕೆಲವು ಹಳೇ ಸಿಡಿಗಳಲ್ಲಿ ಪಿಟೀಲಿನ ಕಿರುಗುಟ್ಟುವಿಕೆ ಕಡಿಮೆ ಆಯಿತು. ಇದರಲ್ಲಿ ಮಾಯೆ ಮಂತ್ರ ಏನೂ ಇಲ್ಲ. 44.1 ಕಿಲೋಹರ್ಟ್ಜ್ ಹಾಡನ್ನು ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ಬಿಟ್ಟರೆ ಮೇಲಿನ ಸ್ವರಗಳು ತಾನಾಗಿ ಇಳಿಯುತ್ತವೆ. 10 ಕಿಲೋಹರ್ಟ್ಜ್‌ನಲ್ಲಿ ಮುಕ್ಕಾಲು ಡೆಸಿಬಲ್, 20ರಲ್ಲಿ 3 ಡೆಸಿಬಲ್‌ಗಿಂತ ಸ್ವಲ್ಪ ಜಾಸ್ತಿ. ಅದೇ ದುಂಡುತನವನ್ನು ಟ್ರೆಬಲ್ ಚೂರು ಇಳಿಸಿ ಹೆಚ್ಚುಕಡಿಮೆ ತರಬಹುದು, ಬೇಡ ಅಂದಾಗ ತೆಗೆಯಲೂಬಹುದು. ಓವರ್‌ಸ್ಯಾಂಪ್ಲಿಂಗ್ ಆನ್ ಮಾಡಿ, ದನಿಯ ಮಟ್ಟ ಸರಿಸಮ ಮಾಡಿ, ಯಾವುದು ಓಡುತ್ತಿದೆ ಅಂತ ಹೇಳದೆ ಕೇಳಿಸಿದಾಗ ನನಗಾಗಲಿ ಸ್ನೇಹಿತರಿಗಾಗಲಿ ಹೋಲೋ, ಆರ್‌ಎಂಇ ಎರಡರಲ್ಲಿ ಯಾವುದು ಯಾವುದು ಅಂತ ಹೇಳಲು ಆಗಲಿಲ್ಲ. ಹೋಲೋ ಮೇ ಸುಮಾರು 5,000 ಡಾಲರ್. ಕಸ್ಟಮ್ಸ್ ಬೇರೆ.

ಇಂಗ್ಲೆಂಡಿನ ಕಾರ್ಡ್ ಎಲೆಕ್ಟ್ರಾನಿಕ್ಸ್ ಕಂಪನಿಯ ಕ್ಯುಟೆಸ್ಟ್ ಡ್ಯಾಕ್ ನನಗೆ ಬಹಳ ಇಷ್ಟ ಆಗಿತ್ತು, ಅದನ್ನೇ ತಗೊಳ್ಳುವುದು ಅಂತ ಹತ್ತಿರ ಹತ್ತಿರ ತೀರ್ಮಾನ ಆಗಿತ್ತು. ಅಂಗೈ ಅಗಲದ ಅಲ್ಯೂಮಿನಿಯಂ ಗಟ್ಟಿ, ಮೇಲೊಂದು ಗಾಜಿನ ಕಿಂಡಿ, ಹಾಡಿನ ಸ್ಯಾಂಪಲ್ ರೇಟಿಗೆ (ಸೆಕೆಂಡಿಗೆ ಎಷ್ಟು ಅಂಕಿ ಅನ್ನುವುದು) ತಕ್ಕಂತೆ ಒಳಗೆ ಬಣ್ಣ ಬದಲಾಗುತ್ತದೆ. ರಾಬ್ ವಾಟ್ಸ್ ಅನ್ನುವ ಎಂಜಿನಿಯರ್ ಸಿದ್ಧ ಡ್ಯಾಕ್ ಚಿಪ್ ಬಳಸದೆ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ನಾವೇ ಬರೆದುಕೊಳ್ಳುವ ಚಿಪ್) ಒಳಗೆ ತಾವೇ ಫಿಲ್ಟರ್ ಬರೆದಿದ್ದಾರೆ. ಈ ಸಣ್ಣ ಪೆಟ್ಟಿಗೆಯಲ್ಲೇ ಫಿಲ್ಟರ್‌ಗೆ 49,152 ಟ್ಯಾಪ್, ಅಂದರೆ ಲೆಕ್ಕದ ಹಂತ. ಕೆಲಸ ಅಪ್ಪಟ. ಆದರೆ ವಾಲ್ಯೂಮ್ ಇಲ್ಲ, ರಿಮೋಟ್ ಇಲ್ಲ, ಎಕ್ಸ್‌ಎಲ್‌ಆರ್ (ಸ್ಟುಡಿಯೋಗಳಲ್ಲಿ ಬಳಸುವ ಮೂರು ಪಿನ್‌ನ ಸಾಕೆಟ್) ಇಲ್ಲ. ನನ್ನ ಹಾಗೆ ಆಕ್ಟಿವ್ ಸ್ಪೀಕರ್, ಅಂದರೆ ಆಂಪ್ ಒಳಗೇ ಇರುವ ಸ್ಪೀಕರ್, ಇಟ್ಟುಕೊಂಡವರು ಇದರ ಜೊತೆ ಒಂದು ಪ್ರಿಆಂಪ್ ತಗೊಳ್ಳಲೇಬೇಕು. ಒಳ್ಳೆಯ ಇಂಟಿಗ್ರೇಟೆಡ್ ಆಂಪ್ ಆಗಲೇ ಮನೆಯಲ್ಲಿ ಇದ್ದು, ಕೋಣೆಯೂ ಚೆನ್ನಾಗಿದ್ದು, ನೋಡಲು ಚೆಂದದ ಪುಟ್ಟ ಪೆಟ್ಟಿಗೆ ಬೇಕು ಅಂದರೆ ಕ್ಯುಟೆಸ್ಟ್ ಧಾರಾಳವಾಗಿ ತಗೊಳ್ಳಬಹುದು.

ಅಂಗಡಿಯಲ್ಲಿ ಕೇಳುವ ಬಗ್ಗೆ ಒಂದು ಎಚ್ಚರಿಕೆ. ನಾನು ಹೋದ ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಯ ಡ್ಯಾಕ್ ಮೊದಲು ಕೇಳಿಸಿದರು, ಆಮೇಲೆ ದುಬಾರಿಯದು. ದುಬಾರಿಯದರಲ್ಲಿ ಹಾಡಿಗೆ ಜೀವ ಬಂದ ಹಾಗಿತ್ತು. ವಾಲ್ಯೂಮ್ ಒಂದೇ ಜಾಗದಲ್ಲಿತ್ತು ನಿಜ, ಆದರೆ ಒಂದನ್ನು ಮಾಮೂಲಿ ಆರ್‌ಸಿಎ ತಂತಿಯಲ್ಲಿ, ಇನ್ನೊಂದನ್ನು ಎಕ್ಸ್‌ಎಲ್‌ಆರ್‌ನಲ್ಲಿ ಸಿಗಿಸಿದ್ದರು. ಸಾಮಾನ್ಯವಾಗಿ ಆರ್‌ಸಿಎಯಲ್ಲಿ 2 ವೋಲ್ಟ್ ಬಂದರೆ ಎಕ್ಸ್‌ಎಲ್‌ಆರ್‌ನಲ್ಲಿ 4 ವೋಲ್ಟ್ ಬರುತ್ತದೆ. ಇದು 6 ಡೆಸಿಬಲ್ ವ್ಯತ್ಯಾಸ. ಕಿವಿಗೆ ಸ್ವಲ್ಪ ಜೋರಾಗಿದ್ದದ್ದು ಯಾವಾಗಲೂ ಚೆನ್ನಾಗಿದೆ ಅನಿಸುತ್ತದೆ, ಅರ್ಧ ಡೆಸಿಬಲ್ ಸಾಕು. ಮಟ್ಟ ಸರಿಸಮ ಮಾಡಿ ಕೇಳಿಸಿ ಅಂದಾಗ ಅವರ ಮುಖ ಸಪ್ಪಗಾಯಿತು, ಮಾಡಲಿಲ್ಲ. ನೀವು ಪಟ್ಟು ಹಿಡಿಯಿರಿ. ಲಕ್ಷಗಟ್ಟಲೆ ಕೊಡುವವರು ನೀವು.

ಮನೆಯಲ್ಲಾದರೆ ಇದು ಸುಲಭ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ ಮಲ್ಟಿಮೀಟರ್ ಒಂದು ಸಾಕು. 100 ಹರ್ಟ್ಜ್ ಟೋನ್ ಸಣ್ಣದಾಗಿ ಹಾಕಿ, ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಸ್ಪೀಕರ್ ತಂತಿಯ ಎರಡು ತುದಿಯಲ್ಲಿ ಅಳೆಯಿರಿ. ಎರಡು ಕಡ್ಡಿ ಒಂದಕ್ಕೊಂದು ತಾಗದ ಹಾಗೆ ಹುಷಾರು, ಆಂಪ್ ಸುಟ್ಟೀತು. ಮೊದಲ ಡ್ಯಾಕ್‌ನಲ್ಲಿ 1 ವೋಲ್ಟ್ ಬಂದರೆ ಎರಡನೆಯದರಲ್ಲಿ 11 ಮಿಲಿವೋಲ್ಟ್‌ಗಿಂತ ಜಾಸ್ತಿ ಆಚೀಚೆ ಇರಬಾರದು. ಅಲ್ಲಿಗೆ 0.1 ಡೆಸಿಬಲ್ ಒಳಗೆ ಬಂತು. ಆಮೇಲೆ ಮನೆಯವರು ಯಾರಾದರೂ ನಿಮ್ಮ ಬೆನ್ನ ಹಿಂದೆ ಬದಲಾಯಿಸಲಿ, ನೀವು ಗುರುತು ಹಿಡಿಯಿರಿ. 2007ರಲ್ಲಿ ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಇಂಥದೇ ಪರೀಕ್ಷೆಯ ವರದಿ ಬಂದಿತ್ತು. ಹೈ-ರೆಸ್, ಅಂದರೆ ಸಿಡಿಗಿಂತ ಹೆಚ್ಚು ಅಂಕಿ ಇರುವ, ಡಿಸ್ಕ್‌ನ ಸಂಗೀತವನ್ನು ಸಿಡಿಯ 16 ಬಿಟ್ ಮಟ್ಟಕ್ಕೆ ಇಳಿಸಿದ್ದು, ಇಳಿಸದೇ ಬಿಟ್ಟದ್ದು. ಮಾಮೂಲಿ ಮಟ್ಟದ ದನಿಯಲ್ಲಿ ಕೇಳಿದವರು ಹೇಳಿದ ಉತ್ತರ ನಾಣ್ಯ ಚಿಮ್ಮಿದ ಹಾಗೆ ಅರ್ಧಕ್ಕರ್ಧ ಸರಿ, ಅರ್ಧಕ್ಕರ್ಧ ತಪ್ಪು. ಅದಕ್ಕೇ 768 ಕಿಲೋಹರ್ಟ್ಜ್, ಡಿಎಸ್‌ಡಿ 512 ಅನ್ನುವ ದೊಡ್ಡ ದೊಡ್ಡ ಹೈ-ರೆಸ್ ಅಂಕಿಗಳನ್ನು ನೋಡಿ ದುಡ್ಡು ಬಿಚ್ಚಬೇಡಿ.

ಈಗ ಆರ್‌ಎಂಇಗೆ ಬರೋಣ. ಇದರಲ್ಲಿ ನಾನು ದಿನಾ ಬಳಸುವುದು ಲೌಡ್‌ನೆಸ್ ಅನ್ನುವ ಸೌಲಭ್ಯ. ಹಳೇ ಕ್ಯಾಸೆಟ್ ಪ್ಲೇಯರ್, ಆಂಪ್‌ಗಳಲ್ಲಿ ಇದೇ ಹೆಸರಿನ ಒಂದು ಗುಂಡಿ ಇರುತ್ತಿತ್ತು, ಒತ್ತಿದರೆ ಬೇಸ್ ದಬದಬ ಅನ್ನುತ್ತಿತ್ತು. ಇದು ಹಾಗಲ್ಲ. ನಮ್ಮ ಕಿವಿಯ ಸ್ವಭಾವ ಏನೆಂದರೆ, ದನಿ ಸಣ್ಣದಾದ ಹಾಗೆ ತಗ್ಗಿನ ಸ್ವರಗಳು ಮಿಕ್ಕವಕ್ಕಿಂತ ಬೇಗ ಮಾಯವಾಗುತ್ತವೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್, ಮನ್ಸನ್ ಇಬ್ಬರೂ 1933ರಲ್ಲೇ ಇದನ್ನು ಅಳೆದು ಗೆರೆ ಎಳೆದು ತೋರಿಸಿದ್ದರು. ಜೋರಾಗಿ ಹಾಕಿದಾಗ ಮೃದಂಗದ ಎಡಗಡೆಯ ತೊಪ್ಪಿ ತುಂಬಿಕೊಂಡು ಕೇಳಿಸುತ್ತದೆ. ಅದನ್ನೇ ರಾತ್ರಿಯ ಮಟ್ಟಕ್ಕೆ ಇಳಿಸಿ ನೋಡಿ, ಬಲಗಡೆಯ ಚಾಪು ಮಾತ್ರ ಉಳಿಯುತ್ತದೆ, ತೊಪ್ಪಿ ಎಲ್ಲೋ ಹೋಗಿರುತ್ತದೆ. ಹಾಡು ತೆಳ್ಳಗೆ, ರೇಡಿಯೋದಲ್ಲಿ ಬಂದ ಹಾಗೆ.

ಎಡಿಐ-2 ಮಾಡುವುದು ಇಷ್ಟು. ನೀವು ಸಾಮಾನ್ಯವಾಗಿ ಕೇಳುವ ಅತಿ ಸಣ್ಣ ಮಟ್ಟ ಯಾವುದು ಅಂತ ಒಮ್ಮೆ ಹೇಳಿಕೊಡಬೇಕು. ನಾನು ವಾಲ್ಯೂಮ್ ಮೈನಸ್ 35 ಡೆಸಿಬಲ್ ಅಂತ ಇಟ್ಟಿದ್ದೇನೆ. ಆ ಮಟ್ಟದಲ್ಲಿ ಬೇಸ್ ಎಷ್ಟು ಏರಬೇಕು, ಟ್ರೆಬಲ್ ಎಷ್ಟು ಏರಬೇಕು ಅಂತಲೂ ಹೇಳಬೇಕು. ನನ್ನದು ಬೇಸ್ 7 ಡೆಸಿಬಲ್, ಟ್ರೆಬಲ್ 3. ಅಲ್ಲಿಂದ ವಾಲ್ಯೂಮ್ ಏರಿಸುತ್ತಾ ಹೋದಂತೆ ಈ ಸೇರ್ಪಡೆ ತಾನಾಗಿ ಕರಗುತ್ತಾ ಬಂದು, 20 ಡೆಸಿಬಲ್ ಮೇಲೆ ಹೋಗುವಷ್ಟರಲ್ಲಿ ಪೂರ್ತಿ ಸೊನ್ನೆ. ಪರದೆ ಮೇಲೆ ಅಂಕಿ ಓಡುವುದನ್ನು ನೋಡುತ್ತಾ ದೊಡ್ಡ ಗುಂಡಿ ತಿರುಗಿಸಿ, ಸ್ವರದ ತೂಕ ಎಲ್ಲೂ ಕುಸಿಯುವುದಿಲ್ಲ, ಸಂಗೀತ ದೂರ ಹೋಗುತ್ತದೆ ಹತ್ತಿರ ಬರುತ್ತದೆ, ಅಷ್ಟೇ. ದೊರೆಸ್ವಾಮಿ ಅಯ್ಯಂಗಾರರ ವೀಣೆಯ ತಗ್ಗಿನ ತಂತಿಯನ್ನು ಮಕ್ಕಳು ಮಲಗಿದ ಮೇಲೆ ಮೈನಸ್ 33ರಲ್ಲಿ ಕೇಳುವಾಗಲೂ ಅದರ ಮರದ ಗುಂಗು ಹಾಗೇ ಇರುತ್ತದೆ. ನಾಲ್ಕೈದು ಲಕ್ಷದ ಡ್ಯಾಕ್‌ಗಳಲ್ಲಿ ಇದು ನನಗೆ ಸಿಗಲಿಲ್ಲ. ಇದನ್ನು ಒಂದು ಸಲ ಬಳಸಿದವರು ಬಿಟ್ಟು ಇರಲಾರರು, ಇಷ್ಟು ಖಚಿತವಾಗಿ ಹೇಳುತ್ತೇನೆ.

ಎರಡನೆಯದು ಕೋಣೆ. ನಮ್ಮ ಫ್ಲ್ಯಾಟ್‌ಗಳ ಹಾಲ್ ಸಂಗೀತಕ್ಕೆ ಒಗ್ಗುವುದು ಕಷ್ಟ. ಕಾಂಕ್ರೀಟ್ ಗೋಡೆ, ವಿಟ್ರಿಫೈಡ್ ಟೈಲ್ಸ್, ಒಂದು ಕಡೆ ಬಾಲ್ಕನಿ ಗಾಜು. ಎದುರುಬದುರು ಗೋಡೆಗಳ ನಡುವೆ ಒಂದು ಸ್ವರ ಸಿಕ್ಕಿಕೊಂಡು ಗುಂಯ್‌ಗುಡುತ್ತದೆ. ಯಾವ ಸ್ವರ ಅಂತ ಲೆಕ್ಕ ಹಾಕಬಹುದು: ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಗೋಡೆಯಿಂದ ಗೋಡೆಗಿರುವ ದೂರದ ಎರಡರಷ್ಟರಿಂದ ಭಾಗಿಸಿ. ನಮ್ಮ ಹಾಲ್ 10 ಅಡಿ ಅಗಲ, ಅಂದರೆ 3.05 ಮೀಟರ್. ಉತ್ತರ 56 ಹರ್ಟ್ಜ್. ಮಿನಿಡಿಎಸ್‌ಪಿ ಕಂಪನಿಯ ಯುಮಿಕ್-1 ಮೈಕ್ ಮತ್ತು ಪುಕ್ಕಟೆ ಸಿಗುವ ಆರ್‌ಇಡಬ್ಲ್ಯು ಸಾಫ್ಟ್‌ವೇರ್ ಇಟ್ಟು ಅಳೆದರೆ ಅಲ್ಲೇ ಒಂದು ದೊಡ್ಡ ಗುಡ್ಡ ಎದ್ದಿತ್ತು, ಅಕ್ಕಪಕ್ಕದ ಸ್ವರಗಳಿಗಿಂತ 9 ಡೆಸಿಬಲ್ ಎತ್ತರ. ಈಗಿನ ಸಿನಿಮಾ ಹಾಡುಗಳಲ್ಲಿ ಕೆಳಗಿನ ಬೇಸ್ ಬಂದಾಗಲೆಲ್ಲ ಹಾಡುವವರ ದನಿ ಮುಳುಗುತ್ತಿತ್ತು, ತಬಲಾದ ಡಗ್ಗಾ ಒಂದೊಂದು ಕಡೆ ಮಾತ್ರ ಊದಿಕೊಳ್ಳುತ್ತಿತ್ತು.

ಎಡಿಐ-2ರಲ್ಲಿ ಐದು ಬ್ಯಾಂಡ್‌ನ ಪ್ಯಾರಾಮೆಟ್ರಿಕ್ ಈಕ್ವಲೈಸರ್ ಇದೆ. ಇಂಥ ಸ್ವರ, ಇಷ್ಟು ಅಗಲ, ಇಷ್ಟು ಇಳಿಸು ಅಂತ ನಿಖರವಾಗಿ ಹೇಳಬಹುದು, ಎಡ ಬಲ ಸ್ಪೀಕರ್‌ಗೆ ಬೇರೆ ಬೇರೆ ಹೇಳಬಹುದು. 56 ಹರ್ಟ್ಜ್‌ನಲ್ಲಿ 8 ಡೆಸಿಬಲ್ ತೆಗೆದೆ. ಎಡಗಡೆ ಸ್ಪೀಕರ್ ಮೂಲೆಗೆ ಹತ್ತಿರ, ಅದಕ್ಕೆ ಇನ್ನೊಂದು ಚೂರು. ಒಂದೇ ಹಾಡನ್ನು ಈಕ್ವಲೈಸರ್ ಹಾಕಿ, ತೆಗೆದು ಕೇಳಿಸಿದರೆ ಸಂಗೀತದ ಗಂಧ ಇಲ್ಲದವರೂ ವ್ಯತ್ಯಾಸ ಹೇಳುತ್ತಾರೆ. ಕಣ್ಣು ಕಟ್ಟಿ ಕೇಳಿಸುವ ಅಗತ್ಯವೇ ಬೀಳುವುದಿಲ್ಲ. ಡ್ಯಾಕ್ ಡ್ಯಾಕ್ ನಡುವಿನ ವ್ಯತ್ಯಾಸ ಹುಡುಕಿ ಹುಡುಕಿ ಕಿವಿ ಸೋತವರಿಗೆ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಕೂಡಲೇ ಗೊತ್ತಾಗುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಗುಡ್ಡ ಇಳಿಸಿ, ಹಳ್ಳ ತುಂಬಲು ಹೋಗಬೇಡಿ. ಕೋಣೆಯಲ್ಲಿ ಎರಡು ಅಲೆ ಒಂದನ್ನೊಂದು ತಿಂದು ಆದ ಹಳ್ಳಕ್ಕೆ ಎಷ್ಟು ಸುರಿದರೂ ತುಂಬುವುದಿಲ್ಲ, ಸ್ಪೀಕರ್ ಸುಮ್ನೆ ದಣಿಯುತ್ತದೆ. ಕುರ್ಚಿ ಒಂದಡಿ ಸರಿಸಿ ನೋಡಿ, ಅದೇ ವಾಸಿ.

ವಾಲ್ಯೂಮ್ ಡಿಜಿಟಲ್ ಆಗಿ ಇಳಿಸಿದರೆ ಬಿಟ್ ಹಾಳಾಗುತ್ತದೆ ಅನ್ನುವ ಭಯ ಕೆಲವರಿಗೆ. ಇದಕ್ಕೆ ಆರ್‌ಎಂಇ ಕೊಟ್ಟ ಉಪಾಯ ನನಗೆ ಬಹಳ ಹಿಡಿಸಿತು. ಔಟ್‌ಪುಟ್‌ಗೆ ನಾಲ್ಕು ಮಟ್ಟ ಇದೆ, ಅವು ನಿಜವಾದ ಸರ್ಕ್ಯೂಟ್‌ನಲ್ಲೇ ಬದಲಾಗುವ ಮಟ್ಟಗಳು. ಆಟೋ ಅಂತ ಇಟ್ಟರೆ ವಾಲ್ಯೂಮ್ ತಿರುಗಿಸುತ್ತಾ ಹೋದಂತೆ ತಕ್ಕ ಮಟ್ಟವನ್ನು ಅದೇ ಹಿಡಿಯುತ್ತದೆ. ಬದಲಾಗುವಾಗ ಒಳಗೆ ರಿಲೇ ಟಿಕ್ ಅನ್ನುವುದು ಕೇಳಿಸುತ್ತದೆ. ಮೊದಲ ಸಲ ಕೇಳಿದವರು ಏನೋ ಕೆಟ್ಟಿತು ಅಂದುಕೊಳ್ಳುತ್ತಾರೆ, ಹಾಗೇನಿಲ್ಲ. ಸಣ್ಣ ದನಿಯಲ್ಲಿ ಕೇಳುವಾಗ ಸ್ಪೀಕರ್‌ನ ಟ್ವೀಟರ್‌ಗೆ ಕಿವಿ ಹತ್ತಿರ ಇಟ್ಟರೂ ಡ್ಯಾಕ್‌ನಿಂದ ಬರುವ ಸುಯ್ ಸದ್ದು ಇಲ್ಲ. ಆಕ್ಟಿವ್ ಸ್ಪೀಕರ್‌ಗೆ ನೇರ ಸಿಗಿಸುವವರಿಗೆ ಇದು ಬಹಳ ಮುಖ್ಯ. ವೋಲ್ಟೇಜ್ ಪೂರ್ತಿ ಬಿಟ್ಟು ಸ್ಪೀಕರ್ ಹಿಂದಿನ ಗುಂಡಿಯಲ್ಲಿ ಇಳಿಸುವ ತಾಪತ್ರಯ ತಪ್ಪುತ್ತದೆ.

ಹಾಡು ಹಾಳಾಗುವುದು ಬಹಳ ಸಲ ಡ್ಯಾಕ್‌ಗೆ ಬರುವ ಮುಂಚೆಯೇ. ಇದನ್ನು ಕಂಡುಹಿಡಿಯಲು ಆರ್‌ಎಂಇ ಬಿಟ್ ಟೆಸ್ಟ್ ಅಂತ ಒಂದು ಫೈಲ್ ಕೊಡುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಪ್ಲೇ ಮಾಡಿ. ಅಂಕಿಗಳು ಒಂದೂ ಬದಲಾಗದೆ ಬಂದರೆ ಡ್ಯಾಕ್ ಪರದೆ ಮೇಲೆ ಪಾಸ್ ಅಂತ ಬರುತ್ತದೆ. ಏನೂ ಬರಲಿಲ್ಲ ಅಂದರೆ ಮಧ್ಯೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ. ವಿಂಡೋಸ್‌ನಲ್ಲಿ ಸಾಮಾನ್ಯ ದಾರಿಯಲ್ಲಿ ಕಳಿಸಿದರೆ ಅದು ಎಲ್ಲವನ್ನೂ ತನ್ನ ಮಿಕ್ಸರ್ ಮೂಲಕ ಹಾಯಿಸುತ್ತದೆ. ಪ್ಲೇಯರ್‌ನಲ್ಲಿ ವಾಸಪಿ ಎಕ್ಸ್‌ಕ್ಲೂಸಿವ್ ಅಥವಾ ಎಎಸ್‌ಐಒ ಆಯ್ದುಕೊಳ್ಳಿ. ಮ್ಯಾಕ್‌ನಲ್ಲಿ ಆಪಲ್ ಮ್ಯೂಸಿಕ್ ಕೇಳುವವರು ಆಡಿಯೋ ಮಿಡಿ ಸೆಟಪ್ ತೆರೆದು ಸ್ಯಾಂಪಲ್ ರೇಟ್ ನೋಡಿ, ಹಾಡಿಗೆ ತಕ್ಕ ಹಾಗೆ ಅದು ತಾನಾಗಿ ಬದಲಾಗದೇ ಇರಬಹುದು. ಆಂಡ್ರಾಯ್ಡ್‌ನಲ್ಲಿ ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಅನ್ನುವ ಆಪ್ ಬಳಸಿದರೆ ಫೋನಿನ ಮಿಕ್ಸರ್ ದಾಟಿ ನೇರ ಡ್ಯಾಕ್‌ಗೆ ಹೋಗುತ್ತದೆ. ಟಿವಿಯಿಂದ ಆಪ್ಟಿಕಲ್ ಹಾಕುವವರು ಟಿವಿ ಸೆಟ್ಟಿಂಗ್‌ನಲ್ಲಿ ಪಿಸಿಎಂ ಅಂತ ಇಡಬೇಕು. ಡಾಲ್ಬಿ ಅಂತ ಬಿಟ್ಟರೆ ಈ ಡ್ಯಾಕ್‌ಗೆ ಅದು ಅರ್ಥ ಆಗುವುದಿಲ್ಲ.

ನಮ್ಮಲ್ಲಿ ಇನ್ನೊಂದು ವಾಸ್ತವ ಇದೆ. ಆಪಲ್ ಮ್ಯೂಸಿಕ್‌ನಲ್ಲಿ 2021ರಿಂದ ಲಾಸ್‌ಲೆಸ್ (ಅಂಕಿ ಒಂದೂ ಕಳೆಯದ ಹಾಡು) ಸಿಗುತ್ತದೆ, ಹೆಚ್ಚಿನ ದುಡ್ಡಿಲ್ಲದೆ. ಒಳ್ಳೆಯದೇ. ಆದರೆ ನಮಗೆ ಬೇಕಾದ ಹಳೇ ಕಚೇರಿಗಳು, ಹರಿಕಥೆ, ಭಾವಗೀತೆಯ ಕ್ಯಾಸೆಟ್‌ಗಳು ಬಹಳಷ್ಟು ಸಿಗುವುದು ಯಾರೋ ಪುಣ್ಯಾತ್ಮರು ಯೂಟ್ಯೂಬ್‌ಗೆ ಹಾಕಿದ್ದರಿಂದ. ಮಲ್ಲಿಕಾರ್ಜುನ ಮನ್ಸೂರರ ಹಳೇ ಮುದ್ರಣ ಒಂದು ಇದೆ, ಮೊನೊ, ಟೇಪಿನ ಸುಯ್ ಸದ್ದು ಜೋರಾಗಿದೆ, ಒಂದು ಕಡೆಯ ಚಾನೆಲ್ ಸ್ವಲ್ಪ ಒರಟು. ಎಷ್ಟೇ ದುಬಾರಿ ಡ್ಯಾಕ್ ತಂದರೂ ಅದರಲ್ಲಿ ಇಲ್ಲದ್ದನ್ನು ತರುವುದಿಲ್ಲ. ಆದರೆ ಎಡಿಐ-2ರಲ್ಲಿ ವಿಡ್ತ್ ಅನ್ನುವುದನ್ನು ಸೊನ್ನೆಗೆ ತಂದರೆ ಎರಡು ಚಾನೆಲ್ ಒಂದಾಗುತ್ತದೆ, ಅಲ್ಲಿ ಇಲ್ಲಿ ಅಲೆಯುತ್ತಿದ್ದ ಸುಯ್ ಸದ್ದು ಒಂದೇ ಕಡೆ ನಿಂತು ದನಿ ನಡುವೆ ಗಟ್ಟಿಯಾಗಿ ಕೂರುತ್ತದೆ. ಮುಂದಿರುವ ಪುಟ್ಟ ಗುಂಡಿಯಲ್ಲಿ ಟ್ರೆಬಲ್ 2 ಡೆಸಿಬಲ್ ಇಳಿಸಿ. ಈಗ ತಂಬೂರಿಯ ಜವಾರಿ ಹಿಂದೆ ಸಣ್ಣಗೆ, ಬಿಡದೆ, ಜೇನಿನ ಗುಂಯ್ ಹಾಗೆ ಕೇಳಿಸುತ್ತದೆ, ಮನ್ಸೂರರು ತಾನ್ ಮುಗಿಸಿ ಷಡ್ಜಕ್ಕೆ ಬಂದು ನಿಂತಾಗ ಆ ಗುಂಗಿನೊಳಗೆ ಸೇರಿಕೊಳ್ಳುವುದೂ ಕೇಳಿಸುತ್ತದೆ. ಟ್ರೆಬಲ್‌ಗಾದರೆ ಗುಂಡಿಗೆ ಕೈ ಇಟ್ಟರೆ ಆಯಿತು, ಮೆನು ಹುಡುಕುವ ಕೆಲಸ ಇಲ್ಲ.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಪರದೆ ತೀರಾ ಚಿಕ್ಕದು. ಐವತ್ತು ದಾಟಿದವರಿಗೆ ಸೋಫಾದಿಂದ ಓದುವುದು ಆಗದ ಮಾತು. ಮೆನು ಒಳಗೆ ಮೆನು, ಅದರೊಳಗೆ ಇನ್ನೊಂದು, ಮ್ಯಾನುಯಲ್ ದಪ್ಪ. ಸ್ಟುಡಿಯೋದವರಿಗೆ ಅಂತ ಯಂತ್ರ ಮಾಡುವ ಕಂಪನಿ, ಆ ಗುಣ ಎದ್ದು ಕಾಣುತ್ತದೆ. ಲಕ್ಷ ಕೊಟ್ಟ ಮೇಲೂ ಗೋಡೆಗೆ ಸಿಗಿಸುವ ಅಡಾಪ್ಟರ್‌ನಲ್ಲೇ ಓಡುತ್ತದೆ. ಬ್ಲೂಟೂತ್ ಇಲ್ಲ, ವೈಫೈ ಇಲ್ಲ, ಎಚ್‌ಡಿಎಂಐ ಇಲ್ಲ. ಫೋನಿನಿಂದಲೇ ಎಲ್ಲ ಮಾಡಬೇಕು, ತಂತಿ ಬೇಡ ಅನ್ನುವ ಮನೆಗೆ ಇದು ಒಗ್ಗುವುದಿಲ್ಲ, ಸ್ಟ್ರೀಮರ್ ಬೇರೆ ಇಡಬೇಕಾಗುತ್ತದೆ. ಬ್ಯಾಲೆನ್ಸ್ಡ್ ಹೆಡ್‌ಫೋನ್ ಸಾಕೆಟ್ ಇಲ್ಲ. ಆದರೆ ಸಾಮಾನ್ಯ ಸಾಕೆಟ್‌ನಲ್ಲೇ ಬೇಕಾದಷ್ಟು ಶಕ್ತಿ ಇದೆ, ಕಿವಿಯೊಳಗೆ ಇಡುವ ಇಯರ್‌ಫೋನ್‌ಗೆ ಅಂತ ಗದ್ದಲ ಇನ್ನೂ ಕಡಿಮೆ ಇರುವ ಸಾಕೆಟ್ ಬೇರೆ ಕೊಟ್ಟಿದ್ದಾರೆ.

ಕರೆಂಟ್ ಬಗ್ಗೆ ಎರಡು ಮಾತು. ಲ್ಯಾಪ್‌ಟಾಪ್ ಚಾರ್ಜರ್ ಸಿಗಿಸಿದ ಕೂಡಲೇ ಸ್ಪೀಕರ್‌ನಲ್ಲಿ ಹಮ್ ಅಥವಾ ಕಿರ್ ಅನ್ನುವ ಸದ್ದು ಬಂದರೆ ಡ್ಯಾಕ್ ಬದಲಾಯಿಸಲು ಓಡಬೇಡಿ. ಲ್ಯಾಪ್‌ಟಾಪ್, ಆಂಪ್ ಎರಡೂ ಬೇರೆ ಬೇರೆ ಕಡೆಯಿಂದ ಅರ್ಥ್ ಹಿಡಿದಾಗ ಹೀಗಾಗುತ್ತದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿ ನೋಡಿ. ಹೋಗದಿದ್ದರೆ, ಆಪ್ಟಿಕಲ್ ಔಟ್‌ಪುಟ್ ಇದ್ದಲ್ಲಿ ಯುಎಸ್‌ಬಿ ಬಿಟ್ಟು ಆಪ್ಟಿಕಲ್ ತಂತಿ ಹಾಕಿ, ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ಹರಿಯಲು ದಾರಿಯೇ ಇಲ್ಲ. ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ. ಅರ್ಥ್ ಪಿನ್ ಮುರಿದು ಹಾಕುವ ಬುದ್ಧಿ ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ, ಪ್ರಾಣಕ್ಕೆ ಅಪಾಯ. ಹಳೇ ಇನ್ವರ್ಟರ್ ಇರುವ ಮನೆಗಳಲ್ಲಿ ಕರೆಂಟ್ ಹೋದಾಗ ಮಾತ್ರ ಗುಂಯ್ ಅಂದರೆ ತಪ್ಪು ಇನ್ವರ್ಟರ್‌ದು. ಯುಎಸ್‌ಬಿ ತಂತಿಗೆ ಇಪ್ಪತ್ತು ಸಾವಿರ ಕೇಳುವವರಿದ್ದಾರೆ. ಪ್ರಿಂಟರ್ ಜೊತೆ ಬರುವ ತಂತಿಯಲ್ಲೂ ಬಿಟ್ ಟೆಸ್ಟ್ ಪಾಸ್ ಆಗುತ್ತದೆ, ನಾನೇ ಹಾಕಿ ನೋಡಿದ್ದೇನೆ.

ಹಾಗಾದರೆ ಜಾಸ್ತಿ ಬೆಲೆಯ ಡ್ಯಾಕ್ ಯಾರೂ ತಗೊಳ್ಳಬಾರದಾ? ಹಾಗಲ್ಲ. ಇಂಗ್ಲೆಂಡಿನ ಡಿಸಿಎಸ್, ಅಮೆರಿಕದ ಎಂಎಸ್‌ಬಿ ಮಾಡುವ ಯಂತ್ರಗಳನ್ನು ಬಿಚ್ಚಿ ನೋಡಿದರೆ ಅದರ ಹಿಂದಿನ ಶ್ರದ್ಧೆ ಕಾಣುತ್ತದೆ. ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಸಂತೋಷವೂ ನಿಜವಾದದ್ದೇ. ದುಡ್ಡಿದ್ದವರು ತಗೊಳ್ಳಲಿ. ಆದರೆ ನಾಲ್ಕು ಲಕ್ಷ ಒಟ್ಟು ಮಾಡಿ ಸಿಸ್ಟಂ ಕಟ್ಟುವವರು ಎರಡು ಲಕ್ಷ ಡ್ಯಾಕ್‌ಗೇ ಸುರಿದು ಸ್ಪೀಕರ್‌ನಲ್ಲಿ ಕೈ ಬಿಗಿ ಹಿಡಿಯುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಒಳ್ಳೆಯ ಸ್ಪೀಕರ್‌ಗಳ ವಿರೂಪ ಕೂಡ ಸಾಧಾರಣ ಡ್ಯಾಕ್‌ನ ನೂರಾರು ಪಟ್ಟು ಇರುತ್ತದೆ. ದುಡ್ಡು ಅಲ್ಲಿ ಹೋಗಲಿ, ಮಿಕ್ಕದ್ದು ದಪ್ಪ ಪರದೆ, ರಗ್ಗು, ಪುಸ್ತಕದ ಕಪಾಟಿಗೆ ಹೋಗಲಿ. ಬಜೆಟ್ ಒಟ್ಟು ಒಂದು ಲಕ್ಷವೇ ಆದರೆ ಎಡಿಐ-2 ಕೂಡ ಬೇಡ. ಹತ್ತು ಹದಿನೈದು ಸಾವಿರದ ಟಾಪಿಂಗ್ ಅಥವಾ ಎಸ್‌ಎಂಎಸ್‌ಎಲ್ ಕಂಪನಿಯ ಡ್ಯಾಕ್ ತಗೊಂಡು, ಲ್ಯಾಪ್‌ಟಾಪ್‌ನಲ್ಲೇ ಈಕ್ವಲೈಸರ್ ಆಪ್ ಹಾಕಿಕೊಳ್ಳಿ, ಕೋಣೆಯ ಗುಡ್ಡ ಅದರಲ್ಲೂ ಇಳಿಯುತ್ತದೆ.

ಎಂಕ್ಯುಎ (ಹೈ-ರೆಸ್ ಹಾಡನ್ನು ಚಿಕ್ಕ ಫೈಲ್‌ಗೆ ಮಡಚುವ ಒಂದು ಬಗೆ) ಅಂತ ಬರೆದಿರುವ ಡ್ಯಾಕ್‌ಗೆ ಜಾಸ್ತಿ ಕೊಡಬೇಡಿ. ಆ ಕಂಪನಿ 2023ರ ಏಪ್ರಿಲ್‌ನಲ್ಲಿ ದಿವಾಳಿಯ ಬಾಗಿಲಿಗೆ ಬಂದು ಬೇರೆಯವರ ಕೈ ಸೇರಿತು, ಅದನ್ನು ಮೆರೆಸುತ್ತಿದ್ದ ಸ್ಟ್ರೀಮಿಂಗ್ ಸೇವೆ ಟೈಡಲ್ ಕೂಡ 2024ರಲ್ಲಿ ಮಾಮೂಲಿ ಲಾಸ್‌ಲೆಸ್ ಫೈಲ್ ಆದ ಫ್ಲ್ಯಾಕ್‌ಗೆ ವಾಪಸ್ ಬಂತು.

ತಗೊಳ್ಳುವಾಗ ಇಲ್ಲಿನ ಅಧಿಕೃತ ಡೀಲರ್ ಹತ್ತಿರವೇ ತಗೊಳ್ಳಿ, ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ವಾರಂಟಿ ಭಾರತದಲ್ಲೇ ನಡೆಯುತ್ತದಾ ಅಂತ ಬರಹದಲ್ಲಿ ತಗೊಳ್ಳಿ. ಹೊರಗಿನಿಂದ ಬರುವವರ ಸೂಟ್‌ಕೇಸಿನಲ್ಲಿ ತರಿಸಿದರೆ ಸ್ವಲ್ಪ ಉಳಿಯಬಹುದು, ಆದರೆ ಕೆಟ್ಟರೆ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ. ಒಳಗೆ ಯಾವ ಚಿಪ್ ಇದೆ ಅಂತ ಚೌಕಾಸಿ ಮಾಡುವ ಬದಲು ಮೂರು ಗುಂಡಿ ತಿರುಗಿಸಿ ನೋಡಿ, ಎರಡೂ ಹೆಡ್‌ಫೋನ್ ಸಾಕೆಟ್‌ಗೆ ಹಾಕಿ ಕೇಳಿ, ರಿಮೋಟ್ ಮತ್ತು ಕಂಪನಿಯದೇ ಅಡಾಪ್ಟರ್ ಜೊತೆಗಿದೆಯಾ ನೋಡಿ, ನಿಮ್ಮದೇ ಲ್ಯಾಪ್‌ಟಾಪ್ ಒಯ್ದು ಬಿಟ್ ಟೆಸ್ಟ್ ಫೈಲ್ ಹಾಕಿ. ಪಾಸ್ ಅಂತ ಬಂದ ಮೇಲೆ ದುಡ್ಡು ಕೊಡಿ.